ಹಾರ್ಲಿ ರೀಡ್ ಬೆಳೆಯುತ್ತಿದ್ದಾನಾ? ಪರ್ತ್‌ನ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಹಾಸನ ಕಡೆಯವರು, ಕೆಲಸದ ಮೇಲೆ ಪರ್ತ್‌ಗೆ ಬಂದು ನೆಲೆಸಿದ್ದೇವೆ. ಮಗನಿಗೆ ಹನ್ನೊಂದು ವರ್ಷ. ಶಾಲೆಯ ಗೆಳೆಯರ ಜೊತೆ ಸೇರಿ ವೆಸ್ಟ್ ಕೋಸ್ಟ್ ಈಗಲ್ಸ್ ಎಂಬ ಆಸ್ಟ್ರೇಲಿಯನ್ ಫುಟ್‌ಬಾಲ್ ತಂಡದ ಅಭಿಮಾನಿ ಆಗಿಬಿಟ್ಟಿದ್ದಾನೆ. 2025ರಲ್ಲಿ ಆ ತಂಡ ಗೆದ್ದದ್ದು ಒಂದೇ ಒಂದು ಪಂದ್ಯ. ನನ್ನ ಆಫೀಸಿನಲ್ಲಿ ಆ ತಂಡದ ಯುವ ಆಟಗಾರ ಹಾರ್ಲಿ ರೀಡ್ ಬಗ್ಗೆ ದಿನಾ ವಾದ. ಕೆಲವರು ‘ಇವನೇ ಮುಂದಿನ ಡಸ್ಟಿ ಮಾರ್ಟಿನ್’ ಎಂದು ರಿಚ್ಮಂಡ್ ಕ್ಲಬ್‌ನ ಹಳೆಯ ಸ್ಟಾರ್‌ಗೆ ಹೋಲಿಸುತ್ತಾರೆ. ಇನ್ನು ಕೆಲವರು ‘ಎರಡು ವರ್ಷ ಆಯ್ತು, ಎಲ್ಲಿ ಬೆಳೆದ? ಬೇರೆ ಕ್ಲಬ್‌ಗೆ ಕೊಟ್ಟು ಒಳ್ಳೆಯ ಡ್ರಾಫ್ಟ್ ಪಿಕ್ ತಗೊಳ್ಳಲಿ’ ಅನ್ನುತ್ತಾರೆ. ನನಗೆ ಆಟ ಅರ್ಧಂಬರ್ಧ ಅರ್ಥವಾಗುತ್ತದೆ. ಯಾರ ಮಾತು ಸರಿ? ಮಗ ಕೇಳಿದರೆ ಏನು ಹೇಳಲಿ?

ಉತ್ತರ: ನಮಸ್ಕಾರ. ರೀಡ್ ಬೆಳೆಯುತ್ತಿದ್ದಾನೆ. ಆದರೆ ಎಷ್ಟು ಬೆಳೆಯುತ್ತಾನೆ ಎಂಬುದು ಅವನೊಬ್ಬನ ಕೈಯಲ್ಲಿಲ್ಲ. ನಿಮ್ಮ ಆಫೀಸಿನ ಎರಡೂ ಗುಂಪಿನವರು ಆ ಹುಡುಗನನ್ನೇ ಅಳೆಯುತ್ತಿದ್ದಾರೆ. ನಾನಾದರೆ ಮೊದಲು ಮೈದಾನದ ನಡುವೆ ಅವನ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂದು ನೋಡುತ್ತೇನೆ.

ಆಟ ನೋಡದ ಓದುಗರಿಗಾಗಿ ಸ್ವಲ್ಪ ವಿವರ. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಅನ್ನು ಅಲ್ಲಿಯವರು ‘ಫೂಟಿ’ ಎನ್ನುತ್ತಾರೆ. ಮೊಟ್ಟೆಯಾಕಾರದ ದೊಡ್ಡ ಮೈದಾನ, ಒಂದೊಂದು ಕಡೆ 18 ಜನ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ 6 ಪಾಯಿಂಟ್, ಅವುಗಳ ಪಕ್ಕಕ್ಕೆ ಹೋದರೆ 1. ಬಾಲನ್ನು ಒದೆಯಬಹುದು, ಮುಷ್ಟಿಯಿಂದ ಹೊಡೆದು ಕೊಡಬಹುದು, ಎಸೆಯುವಂತಿಲ್ಲ. ಎಎಫ್‌ಎಲ್ ಲೀಗಿನಲ್ಲಿ ಈಗ 18 ಕ್ಲಬ್‌ಗಳಿವೆ. ಕೊನೆಯ ಸ್ಥಾನಕ್ಕೆ ಬಂದ ಕ್ಲಬ್‌ಗೆ ಆ ವರ್ಷದ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ (ಪಿಕ್) ಸಿಗುತ್ತದೆ. ಅಂದರೆ ದೇಶದ ಹುಡುಗರಲ್ಲಿ ತನಗೆ ಯಾರು ಬೇಕು ಎಂದು ಎಲ್ಲರಿಗಿಂತ ಮೊದಲು ಹೇಳುವ ಹಕ್ಕು. ಸೋತವರು ಮೇಲೇಳಲಿ ಎಂಬುದು ಉದ್ದೇಶ, ಒಳ್ಳೆಯದೇ. ಆದರೆ ಹುಡುಗನ ಕಡೆಯಿಂದ ನೋಡಿ. ವರ್ಷದ ಅತಿ ಪ್ರತಿಭಾವಂತ ಹದಿನೆಂಟರ ಹುಡುಗ, ಹೆಚ್ಚುಕಡಿಮೆ ಪ್ರತಿ ಸಲ, ಅತಿ ಹೆಚ್ಚು ಸೋತ ತಂಡಕ್ಕೇ ಹೋಗಬೇಕು. ಅವನನ್ನು ಯಾರೂ ಕೇಳುವುದಿಲ್ಲ.

ರೀಡ್ ಹೋದ ಕ್ಲಬ್ ಎಂಥ ಸ್ಥಿತಿಯಲ್ಲಿತ್ತು ಗೊತ್ತಾ? ವೆಸ್ಟ್ ಕೋಸ್ಟ್ 2018ರಲ್ಲಿ ಕಾಲಿಂಗ್‌ವುಡ್ ಅನ್ನು 5 ಪಾಯಿಂಟ್‌ಗಳಿಂದ ಸೋಲಿಸಿ ಕಪ್ ಗೆದ್ದಿತ್ತು. ಆ ಗೆಲುವಿನ ಆಟಗಾರರನ್ನು ಬಿಡಲು ಮನಸ್ಸಾಗಲಿಲ್ಲ, ಅವರೆಲ್ಲ ಒಟ್ಟಿಗೇ ವಯಸ್ಸಾದರು. 2022ರಲ್ಲಿ ಗೆದ್ದದ್ದು 2 ಪಂದ್ಯ. 2023ರಲ್ಲಿ 3. ಆ ವರ್ಷ ಸಿಡ್ನಿ ವಿರುದ್ಧ 171 ಪಾಯಿಂಟ್‌ಗಳಿಂದ ಸೋತರು. ವರ್ಷದ ಕೊನೆಗೆ ನಿಕ್ ನೈಟನೂಯಿ, ಷಾನನ್ ಹರ್ನ್, ಲೂಕ್ ಷುಯಿ ಮೂವರೂ ನಿವೃತ್ತರಾದರು. ಮುಂದಿನ ವರ್ಷ ಆಂಡ್ರ್ಯೂ ಗ್ಯಾಫ್ ನಿವೃತ್ತರಾದರು, ಟಾಮ್ ಬ್ಯಾರಸ್ ಹಾಥಾರ್ನ್‌ಗೆ ಹೋದರು. 2025ರಲ್ಲಿ ಜೆರೆಮಿ ಮೆಕ್‌ಗವರ್ನ್ ತಲೆಗೆ ಬಿದ್ದ ಪೆಟ್ಟುಗಳ ಕಾರಣಕ್ಕೆ ಆಟ ಬಿಡಬೇಕಾಯಿತು. 2018ರ ಫೈನಲ್‌ನ ಗೆಲುವಿನ ಗೋಲ್ ಹೊಡೆದ ಡಾಮ್ ಷೀಡ್ ಕೂಡ ನಿಲ್ಲಿಸಿದರು. ಆಸ್ಕರ್ ಆಲನ್ ಬ್ರಿಸ್ಬೇನ್‌ಗೆ ಹೊರಟರು. ಕಲಿಸಬೇಕಾದ ಹಿರಿಯರೇ ಒಬ್ಬೊಬ್ಬರಾಗಿ ಬಾಗಿಲು ದಾಟುತ್ತಿದ್ದಾಗ ಈ ಹುಡುಗ ಒಳಗೆ ಬಂದ.

ಅವನ ಊರು ಟಾಂಗಾಲ. ವಿಕ್ಟೋರಿಯಾ ರಾಜ್ಯದ ಉತ್ತರದ, ಹಾಲು ಹೈನಿನ ಸಣ್ಣ ಊರು. 2023ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಅವನೇ. ಮೆಲ್ಬರ್ನ್‌ನಿಂದ ಪರ್ತ್‌ಗೆ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. ಬಂದ ಕೂಡಲೇ 9ನೇ ನಂಬರ್ ಅಂಗಿ ಕೊಟ್ಟರು. ಅದು ನೈಟನೂಯಿ ತೊಟ್ಟ ನಂಬರ್. ಪರ್ತ್ ಜನ ಆ ನಂಬರನ್ನು ಎಷ್ಟು ಪ್ರೀತಿಸುತ್ತಾರೆ ಎಂದು ನಿಮಗೇ ಗೊತ್ತು. ಎರಡು ಸೀಸನ್‌ಗಳಲ್ಲಿ ಮೂವರು ಕೋಚ್‌ಗಳಾದರು: 2024ರ ಜುಲೈನಲ್ಲಿ ಆಡಮ್ ಸಿಂಪ್ಸನ್ ಹೋದರು, ಜರಾಡ್ ಸ್ಕೋಫೀಲ್ಡ್ ಕೆಲವು ವಾರ ನೋಡಿಕೊಂಡರು, 2025ರಿಂದ ಆಂಡ್ರ್ಯೂ ಮೆಕ್‌ಕ್ವಾಲ್ಟರ್. ಒಬ್ಬೊಬ್ಬ ಕೋಚ್‌ಗೂ ಒಂದೊಂದು ಪಾಠ, ಒಂದೊಂದು ಬೇಡಿಕೆ.

ಈಗ ಅಂಕಿಗಳ ವಿಷಯಕ್ಕೆ ಬರೋಣ. ‘ಎಲ್ಲಿ ಬೆಳೆದ?’ ಎನ್ನುವವರ ಕೈಯಲ್ಲಿ ಇರುವುದು ಅಂಕಿಗಳೇ. ಒಂದು ಪಂದ್ಯದಲ್ಲಿ ಆಟಗಾರ ಎಷ್ಟು ಸಲ ಬಾಲನ್ನು ಒದ್ದ ಅಥವಾ ಮುಷ್ಟಿಯಿಂದ ಕೊಟ್ಟ ಎಂಬುದನ್ನು ಡಿಸ್ಪೋಸಲ್ ಎಂದು ಲೆಕ್ಕ ಹಾಕುತ್ತಾರೆ. ರೀಡ್ ಲೆಕ್ಕ ಒಳ್ಳೆಯ ತಂಡಗಳ ಮಿಡ್‌ಫೀಲ್ಡರ್‌ಗಳಿಗಿಂತ ಕಡಿಮೆ, ನಿಜ. ಆದರೆ ಸೋಲುವ ತಂಡದಲ್ಲಿ ಬಾಲ್ ಎಲ್ಲಿರುತ್ತದೆ? ಹೆಚ್ಚು ಹೊತ್ತು ಅವರ ಹಿಂಭಾಗದಲ್ಲೇ. ಅಲ್ಲಿ ನಿಂತ ಡಿಫೆಂಡರ್‌ಗಳಿಗೆ ಬಾಲ್ ಮೇಲಿಂದ ಮೇಲೆ ಸಿಗುತ್ತದೆ, ಅಂಕಿ ಏರುತ್ತದೆ. ಸುಸ್ತಾದಾಗ ಮಿಡ್‌ಫೀಲ್ಡರನ್ನು ಮುಂಭಾಗಕ್ಕೆ ಕಳಿಸುವುದು ವಾಡಿಕೆ. ರೀಡ್ ಅಲ್ಲಿಗೆ ಹೋದರೆ ಹತ್ತು ನಿಮಿಷ ಕಾದರೂ ಬಾಲ್ ಬರದಿರಬಹುದು. ಟಿವಿಯಲ್ಲಿ ನೋಡುವವರಿಗೆ ‘ಮಾಯವಾದ’ ಅನ್ನಿಸುತ್ತದೆ. ಪಾಪ, ಬಾಲೇ ಆ ಕಡೆ ಹೋಗಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಆಟ ಶುರುವಾಗುವಾಗ ಮತ್ತು ಪ್ರತಿ ಗೋಲ್ ಆದ ಮೇಲೆ, ನಡುವಿನ ಚೌಕದಲ್ಲಿ ಒಂದೊಂದು ತಂಡದ ನಾಲ್ವರು ಮಾತ್ರ ನಿಲ್ಲಬಹುದು. ಮೇಲಕ್ಕೆ ಚಿಮ್ಮಿದ ಬಾಲಿಗೆ ಜಿಗಿಯುವ ಎತ್ತರದ ರಕ್‌ಮನ್ ಒಬ್ಬ, ಮಿಡ್‌ಫೀಲ್ಡರ್‌ಗಳು ಮೂವರು. ಆ ಮೂವರೂ ಅಪಾಯಕಾರಿಗಳಾದರೆ ಎದುರಾಳಿ ಯಾರನ್ನು ತಡೆಯಬೇಕು ಎಂದು ತಲೆ ಕೆಡಿಸಿಕೊಳ್ಳಬೇಕು. ಒಬ್ಬನೇ ಆದರೆ? ಅವನ ಬೆನ್ನಿಗೆ ಒಬ್ಬನನ್ನು ಬಿಟ್ಟರೆ ಅರ್ಧ ಕೆಲಸ ಮುಗಿಯಿತು. ಅಂಗಿ ಹಿಡಿದು ಜಗ್ಗುವುದು, ದಾರಿಗೆ ಅಡ್ಡ ಬರುವುದು, ಭುಜ ತಾಗಿಸಿ ಕೆಣಕುವುದು, ಇಡೀ ಪಂದ್ಯ ಇದೇ. ಎಲಿಯಟ್ ಯೋ ಥರದ ಗಟ್ಟಿ ಅನುಭವಿ ಪಕ್ಕದಲ್ಲಿದ್ದರೆ ಆ ಏಟುಗಳನ್ನು ಹಂಚಿಕೊಳ್ಳುತ್ತಿದ್ದರು. ಗಾಯದಿಂದಾಗಿ 2025ರಲ್ಲಿ ಅವರು ಸಿಗಲಿಲ್ಲ. ಟಿಮ್ ಕೆಲಿ ಮೂವತ್ತು ದಾಟಿದ್ದಾರೆ. ಒಂಟಿ ಎಳೆಗರುವಿಗೆ ನೊಗ ಕಟ್ಟಿ, ಗೆರೆ ಸೊಟ್ಟ ಆಯಿತು ಎಂದು ಬೈದ ಹಾಗಾಗುತ್ತದೆ ಇದು.

ಮಾರ್ಟಿನ್ ಹೋಲಿಕೆ ಸುಮ್ನೆ ಬಂದದ್ದಲ್ಲ. ಇಬ್ಬರೂ ಬೆಂಡಿಗೋ ಪಯೋನಿಯರ್ಸ್ ಎಂಬ ಕಿರಿಯರ ತಂಡದಿಂದ ಬಂದವರು. ಇಬ್ಬರೂ ಓಡುತ್ತಲೇ ಒಂದು ಕೈ ಚಾಚಿ, ಹಿಡಿಯಲು ಬಂದವನ ಎದೆಗೆ ಒತ್ತಿ ಪಕ್ಕಕ್ಕೆ ತಳ್ಳುತ್ತಾರೆ. 2024ರಲ್ಲಿ ನಿಮ್ಮ ಕಡೆಯ ಇನ್ನೊಂದು ತಂಡ ಫ್ರೀಮ್ಯಾಂಟಲ್ ವಿರುದ್ಧದ ಡರ್ಬಿಯಲ್ಲಿ ರೀಡ್ ಹಾಗೆ ನುಗ್ಗಿ ಹೊಡೆದ ಗೋಲನ್ನು ನಿಮ್ಮ ಮಗ ಖಂಡಿತ ನೋಡಿರುತ್ತಾನೆ. ಆದರೆ ಮಾರ್ಟಿನ್ ಹೆಸರು ಹೇಳುವವರು ಅವನ ಕೊನೆಯ ವರ್ಷಗಳನ್ನೇ ನೆನೆಯುತ್ತಾರೆ, ಮೊದಲ ವರ್ಷಗಳನ್ನು ಮರೆಯುತ್ತಾರೆ.

ಮಾರ್ಟಿನ್ 2009ರ ಡ್ರಾಫ್ಟ್‌ನಲ್ಲಿ 3ನೇ ಆಯ್ಕೆಯಾಗಿ ರಿಚ್ಮಂಡ್‌ಗೆ ಬಂದ. ಆಗ ಲೀಗಿನಲ್ಲಿ 16 ತಂಡ, ರಿಚ್ಮಂಡ್ 15ನೆಯದು. ಅವನ ಮೊದಲ ಸೀಸನ್‌ನಲ್ಲಿ ತಂಡ ಮೊದಲ 9 ಪಂದ್ಯಗಳನ್ನೂ ಸೋತಿತು. 2013ರವರೆಗೆ ಫೈನಲ್ಸ್, ಅಂದರೆ ಸೀಸನ್ ಕೊನೆಯ ನಾಕೌಟ್ ಹಂತದ ಮುಖ ನೋಡಲಿಲ್ಲ. ಅದೇ ವರ್ಷ ಸಂಬಳದ ಮಾತುಕತೆ ಕೆಟ್ಟು, ಮಾರ್ಟಿನ್ ಬೇರೆ ಕ್ಲಬ್ ನೋಡಿಕೊಂಡೂ ಬಂದಿದ್ದ. 2016ರಲ್ಲಿ ತಂಡ ಮತ್ತೆ 13ಕ್ಕೆ ಕುಸಿಯಿತು. ಕೋಚ್ ಡೇಮಿಯನ್ ಹಾರ್ಡ್‌ವಿಕ್‌ರನ್ನು ಕಿತ್ತು ಹಾಕಿ ಎಂಬ ಕೂಗು ಎದ್ದಿತು. ಕ್ಲಬ್ ಕಿವಿಗೊಡಲಿಲ್ಲ. ಡಿಯಾನ್ ಪ್ರೆಸ್ಟಿಯಾ, ಜಾಷ್ ಕ್ಯಾಡಿ, ಟೋಬಿ ನ್ಯಾಂಕರ್ವಿಸ್ ಬಂದರು, ಅಂದರೆ ಇಬ್ಬರು ಗಟ್ಟಿ ಮಿಡ್‌ಫೀಲ್ಡರ್‌ಗಳು ಮತ್ತು ಒಬ್ಬ ರಕ್‌ಮನ್. 2017ರಲ್ಲಿ ಕಪ್ ಬಂತು. ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕವೂ ಮಾರ್ಟಿನ್‌ಗೇ. ಮತ್ತೆ 2019, 2020. ಮೂರು ಗ್ರ್ಯಾಂಡ್ ಫೈನಲ್, ಮೂರರಲ್ಲೂ ಅವನೇ ಶ್ರೇಷ್ಠ ಆಟಗಾರ. ಡ್ರಾಫ್ಟ್‌ನಿಂದ ಮೊದಲ ಕಪ್‌ಗೆ ಎಂಟು ವರ್ಷ ಹಿಡಿಯಿತು. ಸೋತ ಆ ವರ್ಷಗಳಲ್ಲೂ ಚೌಕದಲ್ಲಿ ಅವನ ಜೊತೆ ಟ್ರೆಂಟ್ ಕಾಚಿನ್, ಬ್ರೆಟ್ ಡೆಲೀಡಿಯೋ ಇದ್ದರು. ಎದುರಾಳಿಗಳಿಗೆ ಮಾರ್ಟಿನ್ ಒಬ್ಬನ ಮೇಲೆ ಕಣ್ಣಿಟ್ಟರೆ ಸಾಲುತ್ತಿರಲಿಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಪರ್ತ್‌ನವರಾದ ನಿಮಗೆ ಇದು ಹತ್ತಿರದ ಕಥೆ. 2008ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಜ್ಯಾಕ್ ವಾಟ್ಸ್, ಎರಡನೆಯದು ನೈಟನೂಯಿ. ವಾಟ್ಸ್‌ನನ್ನು ಮೆಲ್ಬರ್ನ್ ತೆಗೆದುಕೊಂಡಿತು, ನೈಟನೂಯಿಯನ್ನು ವೆಸ್ಟ್ ಕೋಸ್ಟ್. ಎರಡೂ ಆಗ ಬಿದ್ದ ತಂಡಗಳೇ. 2010ರಲ್ಲಿ ವೆಸ್ಟ್ ಕೋಸ್ಟ್ ಕೊನೆಯ ಸ್ಥಾನ. ವಾಟ್ಸ್ ಇನ್ನೂ ಶಾಲೆಯಲ್ಲಿದ್ದಾಗಲೇ, 2009ರ ಕ್ವೀನ್ಸ್ ಬರ್ತ್‌ಡೇ ರಜಾದಿನದ ಪಂದ್ಯದಲ್ಲಿ, ಕಿಕ್ಕಿರಿದ ಎಂಸಿಜಿಯಲ್ಲಿ ಕಾಲಿಂಗ್‌ವುಡ್ ಎದುರು ಇಳಿಸಿದರು. ಕಾಲಿಂಗ್‌ವುಡ್ ಆಟಗಾರರು ಆ ತೆಳ್ಳನೆಯ ಹುಡುಗನನ್ನು ಹುಡುಕಿ ಹುಡುಕಿ ಕೆಡವಿದರು. ಅವನ ಪಕ್ಕದಲ್ಲಿ ನಿಂತು ಅದನ್ನು ತಡೆಯುವ ಹಿರಿಯರು ಆ ತಂಡದಲ್ಲಿ ಸಾಕಷ್ಟು ಇರಲಿಲ್ಲ. ಮೆಲ್ಬರ್ನ್‌ನಲ್ಲಿದ್ದಷ್ಟು ಕಾಲ, ಮಧ್ಯಂತರದವರೂ ಸೇರಿ, ಆರು ಕೋಚ್‌ಗಳ ಕೈ ಕೆಳಗೆ ಆಡಿದ. 2017ರ ಕೊನೆಗೆ ಪೋರ್ಟ್ ಅಡಿಲೇಡ್‌ಗೆ ಕೊಟ್ಟರು.

ನೈಟನೂಯಿಗೆ ಡೀನ್ ಕಾಕ್ಸ್ ಇದ್ದರು. 2006ರಲ್ಲಿ ಕಪ್ ಗೆದ್ದ ತಂಡದ ರಕ್‌ಮನ್. ಪಂದ್ಯದ ಭಾರದ ಕೆಲಸವನ್ನೆಲ್ಲ ಕಾಕ್ಸ್ ಹೊತ್ತರು. ಹುಡುಗ ಜಿಗಿದ, ತಪ್ಪಿದ, ಮತ್ತೆ ಜಿಗಿದ. 2011ರಲ್ಲಿ ಅದೇ ತಂಡ ಪ್ರಿಲಿಮಿನರಿ ಫೈನಲ್‌ವರೆಗೆ, ಅಂದರೆ ಗ್ರ್ಯಾಂಡ್ ಫೈನಲ್‌ಗೆ ಒಂದೇ ಹೆಜ್ಜೆ ಹಿಂದಿನವರೆಗೆ ಹೋಯಿತು. ವಾಟ್ಸ್‌ನಿಗಿಂತ ನೈಟನೂಯಿ ಹೆಚ್ಚು ಪ್ರತಿಭಾವಂತ ಎಂದು ವಾದಿಸುವವರಿದ್ದಾರೆ, ಇರಬಹುದು. ಆದರೆ ಇಬ್ಬರನ್ನೂ ಅದಲು ಬದಲು ಮಾಡಿ, ವಾಟ್ಸ್‌ನನ್ನು ಪರ್ತ್‌ನಲ್ಲಿ ಬೆಳೆಸಿದ್ದರೆ ಅವನ ಹೆಸರಿಗೆ ಅಷ್ಟು ಕೆಟ್ಟ ಮಾತು ಅಂಟುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಆ ಹುಡುಗನಿಗೆ ಅಭಿಮಾನಿಗಳೂ ಪತ್ರಿಕೆಗಳೂ ಮಾಡಿದ್ದು ಅನ್ಯಾಯ.

ಕ್ಯಾಮ್ ರೇನರ್ ಹೆಸರು ನಿಮ್ಮ ಆಫೀಸಿನ ಚರ್ಚೆಯಲ್ಲಿ ಬಂದಿದೆಯೋ ಇಲ್ಲವೋ. 2017ರ ಮೊದಲ ಆಯ್ಕೆ, ಬ್ರಿಸ್ಬೇನ್ ಲಯನ್ಸ್. ಆ ವರ್ಷ ಬ್ರಿಸ್ಬೇನ್ ಕೊನೆಯ ಸ್ಥಾನದಲ್ಲಿತ್ತು. ಅವನನ್ನೂ ‘ಮುಂದಿನ ಮಾರ್ಟಿನ್’ ಎಂದೇ ಕರೆದರು. ಮಿಡ್‌ಫೀಲ್ಡರ್ ಆಗುತ್ತಾನೆ ಎಂದುಕೊಂಡಿದ್ದರು, ಆಗಲಿಲ್ಲ. 2021ರಲ್ಲಿ ಮಂಡಿಯ ಗಾಯದಿಂದ ಇಡೀ ಸೀಸನ್ ಹೋಯಿತು. ‘ಮೊದಲ ಪಿಕ್ ವ್ಯರ್ಥ’ ಎಂಬ ಮಾತು ಎಷ್ಟು ಸಲ ಬಂತೋ. ಇವತ್ತು ಅವನ ಬಳಿ 2024ರ ಮತ್ತು 2025ರ ಎರಡು ಪ್ರೀಮಿಯರ್‌ಶಿಪ್ (ಕಪ್ ಗೆದ್ದ) ಪದಕಗಳಿವೆ, ಹೆಚ್ಚಾಗಿ ಮುಂಭಾಗದಲ್ಲಿ ಆಡಿ ಗಳಿಸಿದ್ದು.

ಬ್ರಿಸ್ಬೇನ್ ಮಾಡಿದ ಒಂದು ಕೆಲಸ ನನಗೆ ತುಂಬಾ ಇಷ್ಟ. ಹಾಥಾರ್ನ್‌ನಲ್ಲಿ ನಾಲ್ಕು ಕಪ್ ಗೆದ್ದು ನಿವೃತ್ತಿ ಹೇಳಿದ್ದ ಲೂಕ್ ಹಾಜ್‌ರನ್ನು 2018ಕ್ಕೆ ಕರೆತಂದರು. ಮೂವತ್ತಮೂರು ದಾಟಿದ ಮನುಷ್ಯ. ಓಟ ಕಡಿಮೆಯಾಗಿತ್ತು, ಆದರೆ ಹಿಂದೆ ನಿಂತು ‘ನೀನು ಅಲ್ಲಿ ಹೋಗು, ನೀನು ಇವನನ್ನು ಹಿಡಿ’ ಎಂದು ಕೂಗಿ ಕೂಗಿ ಹುಡುಗರಿಗೆ ಆಟ ಕಲಿಸಿದರು. 2018ರಲ್ಲಿ ಗೆದ್ದದ್ದು 5 ಪಂದ್ಯ ಮಾತ್ರ. 2019ಕ್ಕೆ ಫ್ರೀಮ್ಯಾಂಟಲ್‌ನಿಂದ ಲಾಕಿ ನೀಲ್ ಬಂದರು. ತಂಡ ಎರಡನೇ ಸ್ಥಾನಕ್ಕೆ ಏರಿತು. ಆ ಹುಡುಗರು ಒಂದೇ ವರ್ಷದಲ್ಲಿ ದಿಢೀರ್ ಪ್ರತಿಭಾವಂತರಾದರು ಎಂದು ಅನ್ನಿಸುತ್ತದಾ ನಿಮಗೆ? ಪ್ರತಿಭೆ ಮೊದಲೇ ಇತ್ತು, ಪಕ್ಕದಲ್ಲಿ ನಿಂತವರು ಬದಲಾದರು.

ವೆಸ್ಟ್ ಕೋಸ್ಟ್‌ಗೂ ಇದು ಅರ್ಥವಾದ ಹಾಗಿದೆ. 2024ರ ಕೊನೆಗೆ ರಿಚ್ಮಂಡ್‌ನಿಂದ ಲಿಯಾಮ್ ಬೇಕರ್, ಜ್ಯಾಕ್ ಗ್ರಹಾಮ್ ಇಬ್ಬರನ್ನೂ ತಂದರು. ಇಬ್ಬರೂ ಮಾರ್ಟಿನ್ ಜೊತೆ ಕಪ್ ಗೆದ್ದವರು. ಕೋಚ್ ಮೆಕ್‌ಕ್ವಾಲ್ಟರ್ ಕೂಡ ರಿಚ್ಮಂಡ್‌ನ ಆ ಗೆಲುವಿನ ವರ್ಷಗಳಲ್ಲಿ ಅಲ್ಲೇ ಸಹಾಯಕ ಕೋಚ್ ಆಗಿದ್ದವರು. ಮಾರ್ಟಿನ್ ಹೇಗೆ ಬೆಳೆದ ಎಂದು ಹತ್ತಿರದಿಂದ ನೋಡಿದವರು ರೀಡ್ ಸುತ್ತ ಈಗ ಮೂವರಿದ್ದಾರೆ. 2025ರ ಫಲಿತಾಂಶ ಭಯಂಕರವೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಈ ಆಯ್ಕೆಗಳ ಹಿಂದಿನ ಯೋಚನೆ ಸರಿಯಾಗಿದೆ. ಇನ್ನೂ ಇಬ್ಬರು ಅಂಥವರು ಬೇಕು.

‘ಕೊಟ್ಟು ಪಿಕ್ ತಗೊಳ್ಳಿ’ ಎನ್ನುವವರಿಗೆ ನಾರ್ತ್ ಮೆಲ್ಬರ್ನ್ ನೆನಪಿಸಿ. 2021ರ ಮೊದಲ ಆಯ್ಕೆ ಜೇಸನ್ ಹಾರ್ನ್-ಫ್ರಾನ್ಸಿಸ್ ಒಂದೇ ವರ್ಷಕ್ಕೆ ಬೇಸತ್ತು, ತನ್ನ ಅಡಿಲೇಡ್‌ಗೆ, ಪೋರ್ಟ್ ಅಡಿಲೇಡ್ ಕ್ಲಬ್‌ಗೆ ಹೋದ. ಆ ವ್ಯವಹಾರದಿಂದ ನಾರ್ತ್‌ಗೆ ಒಳ್ಳೆಯ ಪಿಕ್‌ಗಳೇ ಸಿಕ್ಕವು. ಹ್ಯಾರಿ ಷೀಝೆಲ್, ಜಾರ್ಜ್ ವಾರ್ಡ್‌ಲಾ ಬಂದರು. ಷೀಝೆಲ್ ಯುವ ಆಟಗಾರರಿಗೆ ಕೊಡುವ ರೈಸಿಂಗ್ ಸ್ಟಾರ್ ಪ್ರಶಸ್ತಿಯನ್ನೂ 2023ರಲ್ಲಿ ಗೆದ್ದ. ಇದಕ್ಕಿಂತ ಒಳ್ಳೆಯ ಬೆಲೆ ಸಿಗುವುದು ಕಷ್ಟ. ಆದರೂ ನಾರ್ತ್ 2023, 2024ರಲ್ಲಿ 17ನೇ ಸ್ಥಾನ, 2025ರಲ್ಲಿ 16. ಹುಡುಗನ ಬದಲು ಇನ್ನಿಬ್ಬರು ಹುಡುಗರು ಬಂದರು, ಅಷ್ಟೇ. ಅವರ ಪಕ್ಕದಲ್ಲಿ ನಿಲ್ಲುವವರ ಕೊರತೆ ಹಾಗೇ ಉಳಿಯಿತು. ಅತ್ತ ಹಾರ್ನ್-ಫ್ರಾನ್ಸಿಸ್ ಪೋರ್ಟ್‌ನಲ್ಲಿ ಕಾನರ್ ರೋಝೀ, ಝ್ಯಾಕ್ ಬಟರ್ಸ್ ಜೊತೆ ಚೌಕದಲ್ಲಿ ನಿಂತು ನೋಡನೋಡುತ್ತಲೇ ಬೆಳೆದ. ರೀಡ್‌ನನ್ನು ಮಾರಿದರೆ ಅವನು ಬೇರೆ ಕಡೆ ಹೀಗೇ ಬೆಳೆಯುತ್ತಾನೆ, ನೀವು ಪರ್ತ್‌ನಲ್ಲಿ ಕೂತು ಟಿವಿಯಲ್ಲಿ ನೋಡಬೇಕಾಗುತ್ತದೆ.

ಅವನು ವಿಕ್ಟೋರಿಯಾಗೆ ವಾಪಸ್ ಹೋಗುತ್ತಾನೆ ಎಂಬ ಗುಲ್ಲು ಬಂದ ದಿನದಿಂದ ಇತ್ತು. 2025ರ ಆಗಸ್ಟ್‌ನಲ್ಲಿ ಅವನು 2028ರವರೆಗೆ ಸಹಿ ಹಾಕಿದ. ಸೋಲಿನ ಮೇಲೆ ಸೋಲು ಕಾಣುತ್ತಿದ್ದ ಹೊತ್ತಿನಲ್ಲಿ, ಊರಿಂದ ಅಷ್ಟು ದೂರದಲ್ಲಿ ಇಪ್ಪತ್ತು ವರ್ಷದ ಹುಡುಗ ಆ ನಿರ್ಧಾರ ಮಾಡಿದ್ದಕ್ಕೆ ನನಗೆ ಗೌರವ ಇದೆ. ಅಭಿಮಾನಿಗಳಿಗೆ ಇನ್ನೂ ಮೂರು ಸೀಸನ್ ಸಮಯ ಸಿಕ್ಕಿದೆ. ಮಾರ್ಟಿನ್‌ಗೆ ಕೊಟ್ಟ ಸಮಯದ ಅರ್ಧವನ್ನಾದರೂ ಇವನಿಗೆ ಕೊಡಬೇಕು ಅಲ್ವಾ?

ಹಾಗಂತ ಹುಡುಗನಲ್ಲಿ ತಪ್ಪೇ ಇಲ್ಲ ಎನ್ನುವುದಿಲ್ಲ. ಬಾಲ್ ಕೈತಪ್ಪಿ ಎದುರಾಳಿಗೆ ಹೋದಾಗ ಅವನು ಹಿಂದಕ್ಕೆ ಓಡುವುದು ಇನ್ನೂ ಸಾಲದು. ಮಿಡ್‌ಫೀಲ್ಡರ್ ಒಂದು ಪಂದ್ಯದಲ್ಲಿ 12 ಕಿಲೋಮೀಟರಿಗೂ ಜಾಸ್ತಿ ಓಡುತ್ತಾನೆ. ಅದರಲ್ಲಿ ದೊಡ್ಡ ಪಾಲು ಯಾರೂ ಚಪ್ಪಾಳೆ ತಟ್ಟದ ಓಟ. ಆ ಶಕ್ತಿ ಬರಲು ಮೂರು ನಾಲ್ಕು ಬೇಸಿಗೆಯ ತಯಾರಿ ಬೇಕು. ಸಿಟ್ಟಿನ ವಿಷಯವೂ ಇದೆ. 2024ರಲ್ಲಿ ಸೇಂಟ್ ಕಿಲ್ಡಾ ಆಟಗಾರನೊಬ್ಬನನ್ನು ಅಪಾಯಕಾರಿಯಾಗಿ ನೆಲಕ್ಕೆ ಕೆಡವಿದ್ದಕ್ಕೆ 2 ಪಂದ್ಯ ನಿಷೇಧ ಆಯಿತು. ಆ ವರ್ಷದ ರೈಸಿಂಗ್ ಸ್ಟಾರ್ ಪ್ರಶಸ್ತಿಯ ಅರ್ಹತೆಯೂ ಅದರಿಂದಲೇ ಹೋಯಿತು. ಎದುರಾಳಿಯ ಕೈ ಕಟ್ಟಿ ಹಿಡಿದು ಕೆಡವಿದರೆ ತಲೆ ನೆಲಕ್ಕೆ ಬಡಿಯುತ್ತದೆ. ಮೆಕ್‌ಗವರ್ನ್ ಯಾಕೆ ಆಟ ಬಿಟ್ಟರು ಎಂದು ನೆನೆಸಿಕೊಂಡರೆ ನಿಯಮ ಯಾಕೆ ಇಷ್ಟು ಬಿಗಿ ಎಂದು ಗೊತ್ತಾಗುತ್ತದೆ. ಈ ವಿಷಯದಲ್ಲಿ ನಾನು ಹುಡುಗನ ಪರ ನಿಲ್ಲುವುದಿಲ್ಲ.

ಮಗನಿಗೆ ಏನು ಹೇಳಬೇಕು ಎಂದು ಕೇಳಿದ್ದೀರಿ. ಮಾತಿಗಿಂತ, ಸಾಧ್ಯವಾದಾಗ ಅವನನ್ನು ಸ್ಟೇಡಿಯಂಗೆ ಕರೆದುಕೊಂಡು ಹೋಗಿ. ಟಿವಿ ಬಾಲ್ ಹಿಂದೆಯೇ ಹೋಗುತ್ತದೆ, ಬಾಲ್ ಇಲ್ಲದವನು ಏನು ಮಾಡುತ್ತಿದ್ದಾನೆ ಎಂದು ತೋರಿಸುವುದಿಲ್ಲ. ಆಪ್ಟಸ್ ಸ್ಟೇಡಿಯಂನಲ್ಲಿ ಮೇಲಿನ ಸಾಲಿನ ಸೀಟು ಸಿಕ್ಕರೆ ಇನ್ನೂ ಒಳ್ಳೆಯದು, ಇಡೀ ಮೈದಾನ ಕಾಣುತ್ತದೆ. ಒಂದು ಕ್ವಾರ್ಟರ್ ಪೂರ್ತಿ ರೀಡ್‌ನನ್ನು ಮಾತ್ರ ನೋಡಲು ಹೇಳಿ. ಪ್ರತಿ ಗೋಲ್ ಆದ ಮೇಲೆ ಚೌಕಕ್ಕೆ ಯಾರ್ಯಾರು ಬರುತ್ತಾರೆ? ರೀಡ್ ಅಂಗಿಯನ್ನು ಯಾರು ಹಿಡಿದಿದ್ದಾರೆ? ಅದನ್ನು ಬಿಡಿಸಲು ತನ್ನವರು ಯಾರಾದರೂ ಅಡ್ಡ ಬರುತ್ತಾರಾ? ಬಾಲ್ ಹೋದ ಮೇಲೆ ರೀಡ್ ನಿಲ್ಲುತ್ತಾನಾ, ಓಡುತ್ತಾನಾ? ಮಕ್ಕಳ ಕಣ್ಣು ಇಂಥದ್ದಕ್ಕೆ ಬಹಳ ಚುರುಕು.

2025ರ ಡ್ರಾಫ್ಟ್‌ನಲ್ಲೂ ಮೊದಲ ಆಯ್ಕೆ ವೆಸ್ಟ್ ಕೋಸ್ಟ್‌ನದ್ದೇ. ವಿಲಂ ಡೂರ್ಸ್‌ಮಾ ಬಂದಿದ್ದಾನೆ, ಅವನೂ ವಿಕ್ಟೋರಿಯಾದ ಹುಡುಗ. ಹೊಸ ಸೀಸನ್‌ನಲ್ಲಿ ಅವನ ಮೇಲೂ ಇದೇ ಥರ ವಾದ ಶುರುವಾಗುತ್ತದೆ, ನೋಡುತ್ತಿರಿ. ಯೋ ಗಾಯದಿಂದ ಚೇತರಿಸಿಕೊಂಡು, ಬೇಕರ್, ಗ್ರಹಾಮ್ ಜೊತೆ ನಡುವೆ ನಿಂತರೆ ಇಬ್ಬರು ಹುಡುಗರಿಗೂ ಉಸಿರಾಡಲು ಜಾಗ ಸಿಗುತ್ತದೆ. 2026ರ ಮೊದಲ ಐದಾರು ಪಂದ್ಯ ಹೀಗೆ ನೋಡಿದ ಮೇಲೆ ಮತ್ತೆ ಬರೆಯಿರಿ. ಮಗ ಗಮನಿಸಿದ್ದನ್ನೂ ಸೇರಿಸಿ ಬರೆಯಿರಿ.